ಧ್ರುವತಾರೆ ಕಾಣದ ಹಿತ್ತಲಿನಿಂದ ಕುದುರೆತಲೆ ನೀಹಾರಿಕೆ

ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳಲ್ಲಿ ಪೂರ್ವದ ತುದಿಯಲ್ಲಿರುವುದು ಆಲ್ನಿಟಾಕ್. ಅದರ ತುಸು ದಕ್ಷಿಣಕ್ಕೆ ಕುದುರೆತಲೆ ನೀಹಾರಿಕೆ, ಅಂದರೆ ಕುದುರೆಯ ತಲೆಯಂತೆ ಕಾಣುವ ಧೂಳಿನ ಮೋಡ, ಇದೆ. 1888ರಲ್ಲಿ ಖಗೋಳವಿಜ್ಞಾನಿ ವಿಲಿಯಮಿನಾ ಫ್ಲೆಮಿಂಗ್ ಅವರು ಇದನ್ನು ಗುರುತಿಸಿದ್ದು ಕೂಡ ಹಾರ್ವರ್ಡ್ ವೀಕ್ಷಣಾಲಯದ ಛಾಯಾಫಲಕವೊಂದರಲ್ಲಿ. ನನ್ನ 80 ಮಿಲಿಮೀಟರ್ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೆ ಅಲ್ಲಿ ಏನೂ ಕಾಣುವುದಿಲ್ಲ. ಮೈಸೂರಿನ ನಮ್ಮ ಹಿತ್ತಲಿನಿಂದ ಅದರ ಚಿತ್ರ ತೆಗೆಯಲು ನನಗೆ ಎರಡು ಚಳಿಗಾಲ ಬೇಕಾಯಿತು.

ಮೊದಲ ಚಳಿಗಾಲ ವ್ಯರ್ಥವಾದದ್ದು ದೂರದರ್ಶಕವನ್ನು ಹೊತ್ತು ತಿರುಗಿಸುವ ಮೌಂಟ್‌ನ ಅಕ್ಷದಿಂದ. ಭೂಮಿ ತಿರುಗಿದಂತೆ ದೂರದರ್ಶಕವೂ ನಕ್ಷತ್ರಗಳನ್ನು ಹಿಂಬಾಲಿಸಬೇಕಾದರೆ ಆ ಅಕ್ಷವು ಆಕಾಶದ ಉತ್ತರ ಧ್ರುವದತ್ತ ನೇರವಾಗಿರಬೇಕು. ಮೈಸೂರಿನಲ್ಲಿ ಧ್ರುವತಾರೆ ದಿಗಂತದಿಂದ ಸುಮಾರು 12 ಡಿಗ್ರಿ ಮಾತ್ರ ಮೇಲಿರುವುದರಿಂದ ನಮಗೆ ಅದು ಪಕ್ಕದ ಮನೆಯ ತೆಂಗಿನ ಮರಗಳ ಹಿಂದೆ ಮರೆಯಾಗುತ್ತದೆ. ದಿಕ್ಸೂಚಿಯನ್ನು ನಂಬಿ ನಿಲ್ಲಿಸಿದಾಗ ಎರಡು ನಿಮಿಷದ ಎಕ್ಸ್‌ಪೋಷರ್‌ನಲ್ಲೇ ನಕ್ಷತ್ರಗಳು ಗೆರೆಗಳಾದವು. ಒಂದು ನಕ್ಷತ್ರವನ್ನು ಗಮನಿಸುತ್ತ ಮೌಂಟ್ ಚಲನೆಯನ್ನು ತಿದ್ದುವ ಗೈಡ್ ಕ್ಯಾಮೆರಾ ಜೋಡಿಸಿದರೂ ಪ್ರಯೋಜನವಾಗಲಿಲ್ಲ; ಅಕ್ಷವೇ ತಪ್ಪಿದ್ದರೆ ಇಡೀ ಚಿತ್ರ ಗೈಡ್ ನಕ್ಷತ್ರದ ಸುತ್ತ ನಿಧಾನವಾಗಿ ತಿರುಗುತ್ತದೆ.

ಮರುವರ್ಷ ಧ್ರುವತಾರೆಯ ಆಸೆಯನ್ನೇ ಬಿಟ್ಟು, ನಕ್ಷತ್ರಗಳ ಜಾರುವಿಕೆಯನ್ನು ನೋಡಿ ಅಕ್ಷ ತಿದ್ದುವ ಹಳೆಯ ಕ್ರಮವನ್ನು ಹಿಡಿದೆ. ಖಗೋಳದ ವಿಷುವದ್ವೃತ್ತದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಕಲ್ಪಿಸಿದ ವೃತ್ತದ) ಹತ್ತಿರವಿದ್ದು ನೆತ್ತಿಯ ಸಮೀಪ ದಾಟುತ್ತಿರುವ ನಕ್ಷತ್ರವೊಂದನ್ನು ಐಪೀಸ್‌ನ ಕೂಡುಗೆರೆಯ ಮೇಲೆ ನಿಲ್ಲಿಸಿದಾಗ ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ಧ್ರುವದ ಪೂರ್ವಕ್ಕಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕಿದೆ ಎಂದರ್ಥ. ಬಳಿಕ ಪೂರ್ವ ದಿಗಂತದ ಬಳಿಯ ನಕ್ಷತ್ರವನ್ನು ಹೀಗೆಯೇ ಗಮನಿಸಬೇಕು: ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕಾದರೆ ಎತ್ತರವಾಗಿದೆ. ಪ್ರತಿ ತಿದ್ದುಪಡಿಯ ನಂತರ ಐದು ನಿಮಿಷ ಕಾದು ನೋಡಬೇಕಾದ್ದರಿಂದ ಮೊದಲ ರಾತ್ರಿ ಇದಕ್ಕೇ ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆ ಇಡೀ ಕೆಲಸದ ಅತ್ಯಂತ ಬೆಲೆಯುಳ್ಳ ಭಾಗವೆಂದು ನಾನು ಭಾವಿಸುತ್ತೇನೆ. ಮೌಂಟ್‌ನ ಕಾಲುಗಳಿದ್ದ ಜಾಗವನ್ನು ಕಲ್ಲುಚಪ್ಪಡಿಯ ಮೇಲೆ ಬಣ್ಣದಿಂದ ಗುರುತಿಸಿಟ್ಟೆ.

ಕುದುರೆಯ ತಲೆ ಎನ್ನುವುದು ಕಪ್ಪು ಧೂಳು. ಅದು ಕಾಣುವುದು ಹಿಂದಿನ ಜಲಜನಕದ ಕೆಂಪು ಹೊಳಪಿನಿಂದ. ಆ ಹೊಳಪಿನ ತರಂಗಾಂತರ 656.3 ನ್ಯಾನೋಮೀಟರ್. ಸಾಮಾನ್ಯ ಕ್ಯಾಮೆರಾದ ಒಳಗಿನ ಫಿಲ್ಟರ್ ಅದರ ಬಹುಭಾಗವನ್ನು ತಡೆಯುತ್ತದೆ. ಹಾಗಾಗಿ ಕಪ್ಪು-ಬಿಳುಪು ಕ್ಯಾಮೆರಾಕ್ಕೆ 7 ನ್ಯಾನೋಮೀಟರ್ ಅಗಲದ ಹೈಡ್ರೋಜನ್-ಆಲ್ಫಾ ಫಿಲ್ಟರ್ ಹಾಕಿದೆ. ಊರಿನ ದೀಪಗಳ ಬೆಳಕೂ ಬಹುಮಟ್ಟಿಗೆ ಹೊರಗುಳಿಯಿತು.

ಜನವರಿಯ ಅಮಾವಾಸ್ಯೆಯ ಆಸುಪಾಸಿನ ಮೂರು ರಾತ್ರಿಗಳಲ್ಲಿ, ತಲಾ 5 ನಿಮಿಷದ 48 ಚಿತ್ರಗಳು ಸಿಕ್ಕವು. ಒಂದೊಂದರಲ್ಲೂ ಧಾನ್ಯ ಎರಚಿದಂತೆ ನಾಯ್ಸ್ (ಚಿತ್ರವನ್ನು ಕೆಡಿಸುವ ಬೇಡದ ಚುಕ್ಕೆಗಳು) ಇತ್ತು. ಎಲ್ಲವನ್ನೂ ಒಗ್ಗೂಡಿಸಿದಾಗ ಅದು ಸುಮಾರು ಏಳನೆಯ ಒಂದು ಭಾಗಕ್ಕೆ ಇಳಿದು, ಬಗ್ಗಿದ ಕೊರಳು ಮತ್ತು ಮೂತಿ ಸ್ಪಷ್ಟವಾಗಿ ಮೂಡಿದವು. ಆಲ್ನಿಟಾಕ್‌ನ ಸುತ್ತಲಿನ ಪ್ರಭೆ ಮಾತ್ರ ಇನ್ನೂ ಉಳಿದಿದೆ. ಮುಂದಿನ ಜನವರಿಯಲ್ಲಿ ಚಿಕ್ಕ ಎಕ್ಸ್‌ಪೋಷರ್‌ಗಳನ್ನು ಬೇರೆಯಾಗಿ ತೆಗೆದು ಆ ಭಾಗಕ್ಕೆ ಸೇರಿಸಲಿದ್ದೇನೆ.