ಬಾಡಿ ತರ್ಲಾಕ ಹೊಂಟೀರೇನು, ಮೊದ್ಲ ಟೇಪ್ ಹಿಡದು ನೋಡ್ರಿ

ಹೋದ ವಾರ ನಮ್ಮ ಸೊಸಿ ಸೂಪರ್ ಮಾರ್ಕೆಟ್ ಕಡಿ ಹೋಗಿ ಮೂರು ಬಾಡಿ, ಅಂದ್ರ ಬ್ರಾ, ತಂದ್ಳು, ಮನಿಗಿ ಬಂದು ಹಾಕ್ಕೊಂಡು ನೋಡಿದ್ರ ಮೂರೂ ಬಿಗಿ. ಯಾಕವ್ವ ಸೈಜ್ ಸರಿ ಕೇಳ್ಲಿಲ್ಲೇನು ಅಂದ್ರ, "ಕೌಂಟರ್‌ದಾಗ ಗಂಡಸರು ಇದ್ರು ಅತ್ತಿ, 34 ಕೊಡ್ರಿ ಅಂದು ಕಟ್ಟಿಸ್ಕೊಂಡು ಬಂದುಬಿಟ್ಟೆ, ಬಿಲ್ಲೂ ಕೇಳ್ಲಿಲ್ಲ" ಅಂದ್ಳು. ನಾನೂ ಹಂಗೇ ಇದ್ದೆ ನೋಡ್ರಿ. ಮದಿವಿ ಆಗಿ ಕಲಬುರಗಿಗಿ ಬಂದಾಗ ನಮ್ಮತ್ತಿ ಮನ್ಯಾಗಿನ ಹೆಣ್ಮಕ್ಕಳಿಗೆಲ್ಲ ಒಂದೇ ನಂಬರಿನವು ತರಸ್ತಿದ್ರು, ಪೇಪರ್‌ದಾಗ ಸುತ್ತಿ ಬರ್ತಿದ್ದವು, ಯಾರಿಗಿ ಕೂಡ್ತದ ಯಾರಿಗಿ ಕೂಡಂಗಿಲ್ಲ ಅಂತ ಮಾತೇ ಇರ್ಲಿಲ್ಲ. ನಮ್ಮ ಕಡಿ ಬ್ಯಾಸಗಿ ನಿಮಗ ಗೊತ್ತೇ ಅದ, ಎದಿ ಕೆಳಗ ಬೆವರು ನಿಂತು ಚರ್ಮ ಕೆಂಪಾಗಿ ಸುಲದು ಹೋಗ್ತಿತ್ತು, ಪೌಡರ್ ಹಾಕ್ಕೊಂಡು ಸುಮ್ನಿರ್ತಿದ್ದೆ. ಎಷ್ಟೋ ವರ್ಷ ಹಂಗೇ ಕಳದೆ. ಅದಕ್ಕೇ ಇವತ್ತು ಬಿಚ್ಚಿ ಹೇಳ್ತೀನಿ, ನಾಚ್ಕೋಬ್ಯಾಡ್ರಿ, ಇದು ಸೀರಿ ಜಂಪರ್ ಇದ್ದಂಗೇ ಒಂದು ಬಟ್ಟಿ.

ಅಂಗಡಿಗಿ ಹೋಗೋ ಮೊದ್ಲು ಮನ್ಯಾಗೇ ಅಳತಿ ತಗೋರಿ. ಟೇಲರ್ ಟೇಪ್ ಒಂದು ಇಟ್ಕೋರಿ. ತೆಳ್ಳಗಿನ ಬಟ್ಟಿ ಮ್ಯಾಲ, ಎದಿ ಕೆಳಗ ಪಕ್ಕಿ ಎಲುಬಿನ ಸುತ್ತ, ಉಸಿರು ಬಿಟ್ಟು ಅಳೀರಿ, ಟೇಪ್ ಬೆನ್ನಿನ ಕಡಿ ಮ್ಯಾಲ ಕೆಳಗ ಆಗದಂಗ ಸಮ ಇರ್ಬೇಕು. ಆಮ್ಯಾಲ ಎದಿ ತುಂಬಿದ ಜಾಗದ ಮ್ಯಾಲ ಒಂದು, ಅಲ್ಲಿ ಒತ್ತಿ ಹಿಡೀಬ್ಯಾಡ್ರಿ. ಎರಡೂ ಸೆಂಟಿಮೀಟರ್‌ದಾಗ ಮೊಬೈಲ್‌ದಾಗ ಬರ್ಕೋರಿ. ಬಾಕ್ಸ್ ಮ್ಯಾಲ 34 ಬಿ ಅಂತ ಇರ್ತದಲ್ಲ, ಅದ್ರಾಗ 34 ಅಂಬೋದು ಸುತ್ತಿನ ಪಟ್ಟಿದು, ಬಿ ಅಂಬೋದು ಎದಿ ಕೂಡೋ ಕಪ್ಪಿಂದು, ನಿಮ್ಮ ಎರಡು ಅಳತಿ ನಡುವ ಫರಕು ಹೆಚ್ಚಾದಂಗೆಲ್ಲ ಅಕ್ಷರ ಎ, ಬಿ, ಸಿ, ಡಿ ಅಂತ ಮುಂದ ಹೋಗ್ತದ. ಭಾಳ ಮಂದಿ ನಂಬರ್ ಒಂದೇ ಹೇಳಿ ತರ್ತಾರ, ಅಕ್ಷರ ಕೇಳೋದೇ ಇಲ್ಲ, ಅರ್ಧ ತಪ್ಪು ಅಲ್ಲೇ ಆಗ್ತದ. ಇನ್ನೊಂದು, 34 ಅಂದ್ರ ನಿಮ್ಮ ಪಕ್ಕಿ ಸುತ್ತ 34 ಇಂಚು ಅಂತ ತಿಳೀಬ್ಯಾಡ್ರಿ, ಎಷ್ಟೋ ಬಾಕ್ಸ್ ಮ್ಯಾಲ 34ರ ಬಾಜೂಕ 75 ಸೆಂಟಿಮೀಟರ್, 36ರ ಬಾಜೂಕ 80 ಅಂತ ಹಾಕಿರ್ತಾರ, ಅದು ಎದಿ ಕೆಳಗಿನ ಅಳತಿ. ಒಂದೊಂದು ಕಂಪನಿದು ಒಂದೊಂದು ನಮೂನಿ ಇರ್ತದ, ಅದಕ್ಕ ಬಾಕ್ಸ್ ಹಿಂದಿನ ಚಾರ್ಟ್ ನೋಡೇ ತಗೋರಿ. ಸೊಸಿದು ಟೇಪ್ ಹಿಡದು ನೋಡಿದ್ರ ಕೆಳಗಿನದು 80, ಮ್ಯಾಲಿಂದು 93 ಬಂತು, ಫರಕು 13, ಚಾರ್ಟ್ ನೋಡಿದ್ರ ಅಕಿಗಿ 36 ಎ ಬೇಕಿತ್ತು. 34 ಬಿ ಕಪ್ಪೂ 36 ಎ ಕಪ್ಪೂ 32 ಸಿ ಕಪ್ಪೂ ಹೆಚ್ಚುಕಮ್ಮಿ ಒಂದೇ ಅಳತಿವು, ಪಟ್ಟಿ ಅಷ್ಟೇ ಬ್ಯಾರೆ. ಕಪ್ ಸರಿ ಕೂತು ಪಟ್ಟಿ ಬಿಗಿಯಾದ್ರ ನಂಬರ್ ಒಂದು ಏರಿಸಿ ಅಕ್ಷರ ಒಂದು ಇಳಸಿ ಕೇಳ್ರಿ, ಸಡ್ಲಾದ್ರ ಇದರ ಉಲ್ಟಾ.

ಟ್ರಯಲ್ ರೂಮ್ ಇದ್ರ ಹಾಕಿ ನೋಡ್ರಿ. ಹೊಸದನ್ನ ತುದಿ ಹುಕ್ಕಿಗಿ, ಅಂದ್ರ ಎಲ್ಲಕ್ಕಿಂತ ಸಡ್ಲಿದ್ದ ಹುಕ್ಕಿಗಿ ಹಾಕಿದಾಗ ಸರಿ ಕೂಡ್ಬೇಕು, ಯಾಕಂದ್ರ ಇಲಾಸ್ಟಿಕ್ ದಿನಾ ಹೋದಂಗ ಸಡ್ಲಾಗ್ತದ, ಆವಾಗ ಒಳಗಿನ ಹುಕ್ಕಿಗಿ ಬರ್ಲಾಕ ಜಾಗ ಇರ್ಬೇಕು. ಪಟ್ಟಿ ಕೆಳಗ ಎರಡು ಬೆರಳು ಹೋಗ್ಬೇಕು, ಮುಷ್ಟಿ ಹೋಗಬಾರ್ದು. ಕನ್ನಡ್ಯಾಗ ಬೆನ್ನು ನೋಡ್ಕೋರಿ, ಹಿಂದಿನ ಪಟ್ಟಿ ಮ್ಯಾಲ ಏರಿದ್ರ ಅದು ನಿಮಗ ಸಡ್ಲು. ಭಾರ ಹೊರೋದು ಹೆಚ್ಚು ಪಟ್ಟಿನೇ, ಭುಜದ ಸ್ಟ್ರ್ಯಾಪ್ ಅಲ್ಲ, ಭುಜದ ಮ್ಯಾಲ ಗೆರಿ ಬಿದ್ದು ನೋಯ್ಲಾಕತ್ತಿದ್ರ ಪಟ್ಟಿ ತಪ್ಪಿದಂಗ. ರೊಟ್ಟಿ ಬಡಿಯೋಹಂಗ ಎರಡೂ ಕೈ ಆಡಿಸ್ರಿ, ಅಟ್ಟದ ಮ್ಯಾಲಿನ ಡಬ್ಬಿ ತೆಗಿಯೋಹಂಗ ಕೈ ಎತ್ರಿ, ಜಾಗ ಬಿಟ್ಟು ಸರೀದಿದ್ರ ತಗೋರಿ. ಚಡ್ಡಿ ಟ್ರಯಲ್ ಎಲ್ಲೂ ಕೊಡಂಗಿಲ್ಲ, ಕೊಡಲೂಬಾರ್ದು, ಅದಕ್ಕ ಸೊಂಟದ ಅಳತಿ ಬರ್ಕೊಂಡು ಹೋಗಿ ಒಳಗ ಕಾಟನ್ ಪಟ್ಟಿ ಹಚ್ಚಿದ್ದೇ ಕೇಳ್ರಿ.

ಯಾವ ಹೊಸ ಕಂಪನಿದಾದ್ರೂ ಮೊದ್ಲ ಒಂದೇ ತರ್ರಿ. ಎರಡು ಸಲ ಒಗದು ಹಾಕಿ ನೋಡಿ, ಬಣ್ಣ ಬಿಡಂಗಿಲ್ಲ ಅಳತಿ ಕೆಡಂಗಿಲ್ಲ ಅಂದ್ರ ಆಮ್ಯಾಲ ಮೂರು ತರ್ರಿ. ಮೂರರ ಕಾಂಬೋ ಸಸ್ತಾ ಅಂತ ಕಾಣ್ತದ, ಹಾಕ್ಕೊಳ್ಳಾಕ ಬರದಿದ್ರ ಮೂರಕ್ಕೂ ರೊಕ್ಕ ಕೊಟ್ಟಂಗ. ಬಾಕ್ಸ್ ಮ್ಯಾಲಿನ ಸೈಜೂ ಒಳಗಿನ ಲೇಬಲ್ ಸೈಜೂ ಒಂದೇ ಅದ ಇಲ್ಲ ಅಂತ ಅಲ್ಲೇ ತೆಗದು ನೋಡ್ರಿ, ಇಲಾಸ್ಟಿಕ್ ಎಳದು ಬಿಟ್ರ ತಿರುಗಿ ಬರ್ಬೇಕು.

ರೊಕ್ಕದ ಮಾತು. ಎಂಆರ್‌ಪಿ ಅಂದ್ರ ಎಲ್ಲ ಟ್ಯಾಕ್ಸ್ ಸೇರಿದ ರೇಟು, ಅದ್ರ ಮ್ಯಾಲ ಜಿಎಸ್‌ಟಿ ಬ್ಯಾರೆ ಅಂತ ಯಾರೂ ಕೇಳೋಹಂಗಿಲ್ಲ. ನಂಗೊಮ್ಮ ಒಂದು ಅಂಗಡ್ಯಾಗ ಹಂಗ ಕೇಳಿದ್ರು, ಬಾಕ್ಸ್ ತೋರ್ಸಿ ಓದ್ರಿ ಅಂದೆ, ಬಿಟ್ರು. ಬಿಲ್ ಇಲ್ದೆ ಬರಬ್ಯಾಡ್ರಿ. 2019ರ ಗ್ರಾಹಕ ಕಾಯ್ದೆ ಪ್ರಕಾರ ಮಾಲು ಕೆಟ್ಟಿದ್ರ, ಹೊಲಿಗಿ ಹರದಿದ್ರ ಹುಕ್ ಕಿತ್ತಿದ್ರ, ಬಿಲ್‌ದಾಗ ಬರದ ದಿನದೊಳಗ, ಬರೀದಿದ್ರ 30 ದಿನದೊಳಗ ವಾಪಸ್ ತಗೋಬೇಕು, ಇಲ್ಲ ಅಂದ್ರ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಹಚ್ಚಿ ಕಂಪ್ಲೇಂಟ್ ಕೊಡಬಹುದು. ಆದ್ರ ಸೈಜ್ ನಾವೇ ತಪ್ಪಿ ತಂದಿದ್ರ ಅದು ಬ್ಯಾರೆ, ಬದಲಿ ಕೊಡೋದು ಬಿಡೋದು ಅಂಗಡಿಯವ್ರ ನಿಯಮ, ಅದಕ್ಕ ರೊಕ್ಕ ಕೊಡೋ ಮೊದ್ಲೇ ಬದಲಿ ಮಾಡ್ತೀರೇನು, ಎಷ್ಟು ದಿನದೊಳಗ ಅಂತ ಕೇಳಿ ಬಿಲ್ ಮ್ಯಾಲ ಬರಸ್ಕೋರಿ, ಟ್ಯಾಗ್ ಕೀಳಬ್ಯಾಡ್ರಿ. ಕೌಂಟರ್‌ದಾಗ ಹೆಣ್ಮಗಳು ಬೇಕಂದ್ರ ಕರೀರಿ ಅಂತ ಬಾಯಿ ಬಿಟ್ಟು ಕೇಳ್ರಿ, ಈಗ ಬಹಳ ಅಂಗಡ್ಯಾಗ ಇರ್ತಾರ. ಮದಿವಿ ಸೀಜನ್ದಾಗ, ಹಬ್ಬದ ಹಿಂದಿನ ದಿನ ಹೋಗಬ್ಯಾಡ್ರಿ, ಬರೇ ಗದ್ದಲ, ಸಮಾಧಾನದಿಂದ ನೋಡ್ಲಾಕ ಆಗಂಗಿಲ್ಲ. ನಾ ಹೋಗೋದು ವಾರದ ನಡುವ, ಮುಂಜಾನಿ.

ತಂದ ಮ್ಯಾಲ ಒಗದೇ ಹಾಕ್ಕೋರಿ. ಸವಳು ನೀರಾದ್ರ ಸಾಬಾನು ಬಟ್ಟ್ಯಾಗ ಉಳೀತದ, ಎರಡು ಸಲ ಜಾಲಿಸ್ರಿ. ಬಿಸಿ ನೀರು ಬ್ಯಾಡ, ಮಷಿನ್‌ಗಿ ಹಾಕೋದಿದ್ರ ಹುಕ್ ಹಾಕಿ ಜಾಳಗಿ ಚೀಲದಾಗ ಹಾಕ್ರಿ. ಬಾಡಿ ನೆರಳಾಗ ಗಾಳಿಗಿ ಒಣಗ್ಲಿ, ಏಪ್ರಿಲ್ ಮೇ ಬಿಸಿಲು ಇಲಾಸ್ಟಿಕ್ ತಿಂದು ಹಾಕ್ತದ. ಚಡ್ಡಿ ಮಾತ್ರ ಬಿಸಿಲಿಗಿ ಹಾಕ್ರಿ. ನಾವು ಹೆಣ್ಮಕ್ಕಳು ಏನ್ ಮಾಡ್ತೀವಿ, ಯಾರರ ನೋಡ್ತಾರ ಅಂತ ಸೀರಿ ಕೆಳಗ ಮುಚ್ಚಿ ಒಣ ಹಾಕ್ತೀವಿ, ಅದು ಸಂಜಿತನಕ ಹಸೀನೇ ಇರ್ತದ, ಹಸೀದು ಹಾಕ್ಕೊಂಡ್ರ ತೊಡಿ ಸಂದ್ಯಾಗ ಗಜಕರ್ಣ ಆಗ್ತದ, ನಾ ಕಣ್ಣಾರೆ ಕಂಡೀನಿ, ದಯಮಾಡಿ ಹಂಗ ಮಾಡಬ್ಯಾಡ್ರಿ.

ಬಾಣಂತ್ಯಾರಿಗಿ ಕ್ಲಿಪ್ ತೆಗದು ಹಾಲು ಕುಡಸೋದು ಸಿಗ್ತದ, ಬಸುರಿದ್ದಾಗ ಏಳನೇ ತಿಂಗಳಾದ ಮ್ಯಾಲ ಹೊಸ ಅಳತಿ ತಗೊಂಡೇ ತರ್ರಿ, ಹಳೇ ನಂಬರ್ ಹಿಡೀಬ್ಯಾಡ್ರಿ. ನನ್ನಂಗ ಭುಜ ಹಿಡದವ್ರಿಗಿ, ಹಿಂದ ಕೈ ಹೋಗದವ್ರಿಗಿ ಮುಂದ ಹುಕ್ ಇದ್ದದ್ದು ಕೇಳ್ರಿ, ಈ ಎರಡು ವರ್ಷ ನಾ ಅದೇ ಹಾಕ್ಲಾಕತ್ತೀನಿ, ಮುಂಜಾನಿ ಯಾರನ್ನೂ ಕರಿಯೋ ಕೆಲಸ ಇಲ್ಲ.