ಆನೆಗೆ ಕ್ಷಯ ಇದೆಯಾ? ರಕ್ತ, ಸೊಂಡಿಲು ನೋಡಿ ಪತ್ತೆ ಹಚ್ಚುವುದು ಹೀಗೆ

ಆನೆ ಕೆಮ್ಮಲಿ ಅಂತ ಕಾಯಬೇಡಿ. ಕ್ಷಯ ತಗುಲಿದ ಎಷ್ಟೋ ಆನೆಗಳು ಕೆಮ್ಮುವುದೇ ಇಲ್ಲ, ಮೈ ಇಳಿದದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಶ್ವಾಸಕೋಶ ಸಾಕಷ್ಟು ಹಾಳಾಗಿರುತ್ತದೆ. ದೊಡ್ಡ ಆನೆಯ ಎದೆಗೆ ಎಕ್ಸ್‌ರೇ ಕೆಲಸಕ್ಕೆ ಬರಲ್ಲ. ದನಕ್ಕೆ ಮಾಡುವ ಚರ್ಮದ ಪರೀಕ್ಷೆಯನ್ನು ಆನೆಯಲ್ಲಿ ನಂಬುವಂತಿಲ್ಲ. ಹಾಗಾಗಿ ರಕ್ತದಲ್ಲಿ ಪ್ರತಿಕಾಯ (ರೋಗಾಣುವಿನ ವಿರುದ್ಧ ದೇಹ ಮಾಡಿಕೊಳ್ಳುವ ಪ್ರೋಟೀನ್) ಹುಡುಕಬೇಕು, ಸೊಂಡಿಲು ತೊಳೆದ ನೀರಲ್ಲಿ ರೋಗಾಣು ಹುಡುಕಬೇಕು. ಎರಡೂ ಬೇಕು.

ಆದರೆ ಅದಕ್ಕೂ ಮೊದಲು ಮಾವುತ, ಕಾವಾಡಿಗಳ ಕಫ ಪರೀಕ್ಷೆ ಮಾಡಿಸಿ. ಸಾಕಾನೆಗೆ ಬರುವ ಕ್ಷಯ ಹೆಚ್ಚಾಗಿ ಮನುಷ್ಯರದ್ದೇ, ಅದೇ ರೋಗಾಣು. ಅಮೆರಿಕದ ಇಲಿನಾಯ್‌ನ ಒಂದು ಫಾರ್ಮ್‌ನಲ್ಲಿ 1996ರ ಹೊತ್ತಿಗೆ ಆನೆಗಳು ಕ್ಷಯದಿಂದ ಸತ್ತಾಗ, ಅವನ್ನು ನೋಡಿಕೊಳ್ಳುತ್ತಿದ್ದ 22 ಜನರನ್ನು ಪರೀಕ್ಷಿಸಿದರು. 11 ಜನಕ್ಕೆ ಸೋಂಕು ತಗುಲಿದ ಗುರುತು ಸಿಕ್ಕಿತು, ಒಬ್ಬರಿಗೆ ರೋಗವೇ ಇತ್ತು. ಆನೆಯಲ್ಲಿದ್ದ ತಳಿಯೇ ಆ ಮನುಷ್ಯನಲ್ಲೂ ಇತ್ತು.

ರಕ್ತವನ್ನು ಕಿವಿಯ ಹಿಂಭಾಗದ ರಕ್ತನಾಳದಿಂದ ತೆಗೆಯಿರಿ. ಆನೆಗೆ ಪರಿಚಯದ ಮಾವುತ ಪಕ್ಕದಲ್ಲೇ ಇರಲಿ. ಪ್ರತಿಕಾಯ ಪರೀಕ್ಷೆಗೆ ಕೆಂಪು ಮುಚ್ಚಳದ ಟ್ಯೂಬ್, ರಕ್ತಕಣ ಎಣಿಸಲು ನೇರಳೆ ಮುಚ್ಚಳದ್ದು. ಎಣಿಸುವುದನ್ನು ಸುಮ್ನೆ ಯಂತ್ರಕ್ಕೆ ಬಿಟ್ಟು ಕೂರಬೇಡಿ. ಏಷ್ಯಾದ ಆನೆಯ ಮಾನೊಸೈಟ್ ಎಂಬ ಬಿಳಿ ರಕ್ತಕಣ‌ಗಳಲ್ಲಿ ಬಹಳಷ್ಟಕ್ಕೆ ನ್ಯೂಕ್ಲಿಯಸ್ ಎರಡು ಹೋಳಾಗಿ ಕಾಣುತ್ತದೆ, ಮನುಷ್ಯರಿಗೋ ನಾಯಿಗೋ ಮಾಡಿದ ಯಂತ್ರ ಅದನ್ನು ಬೇರೆ ಕಣ ಅಂತ ಲೆಕ್ಕಕ್ಕೆ ಹಾಕಿಬಿಡುತ್ತದೆ. ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಎಣಿಸಿ.

ಪ್ರತಿಕಾಯ ಪರೀಕ್ಷೆಯಲ್ಲೂ ಇದೇ ಕಥೆ. ದನದ ಎಲೈಸಾ (ಪ್ರತಿಕಾಯ ಪತ್ತೆ ಹಚ್ಚುವ ಒಂದು ಪರೀಕ್ಷೆ) ಕಿಟ್ ತಂದು ಆನೆಯ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಹಾಕಿದರೆ, ರೋಗ ಇದ್ದರೂ 'ಇಲ್ಲ' ಅನ್ನಬಹುದು, ಯಾಕಂದ್ರೆ ಅದರಲ್ಲಿರುವ ರಾಸಾಯನಿಕ ಹಿಡಿಯುವುದು ದನದ ಪ್ರತಿಕಾಯವನ್ನು. ಆನೆಯ ಪ್ರತಿಕಾಯವನ್ನು ಹಿಡಿಯುವಂಥದ್ದು ಅಥವಾ ಪ್ರೋಟೀನ್ ಎ (ಹಲವು ಪ್ರಾಣಿಗಳ ಪ್ರತಿಕಾಯಕ್ಕೆ ಅಂಟುವ ಪ್ರೋಟೀನ್) ಇರುವ ಕಿಟ್ ಬೇಕು. ಆನೆಗೆ ಅಂತಲೇ ಮಾಡಿದ ಸ್ಟ್ರಿಪ್ ಕಿಟ್ ಸಿಕ್ಕರೆ, ಗೆರೆ ಬಂತಾ ಇಲ್ವಾ ಅಂತ ಸ್ವಲ್ಪ ಹೊತ್ತಲ್ಲೇ ಗೊತ್ತಾಗುತ್ತದೆ.

ಇನ್ನು ಸೊಂಡಿಲು. ದುಬಾರೆ, ಸಕ್ರೆಬೈಲಿನಂಥ ಕ್ಯಾಂಪ್‌ಗಳಲ್ಲಾದರೆ ಬೆಳಗ್ಗೆ ಹೊಳೆಗೆ ಇಳಿಸುವ ಮೊದಲೇ ಮುಗಿಸಿ. ನೀರು ಕುಡಿದು, ಮಣ್ಣು ಎರಚಿಕೊಂಡ ಮೇಲೆ ಬೇಡದ ಬ್ಯಾಕ್ಟೀರಿಯಾ ಜಾಸ್ತಿ ಆಗುತ್ತದೆ. ಸುಮಾರು 60 ಎಂಎಲ್ ಶುದ್ಧ ಸಲೈನ್ ಅನ್ನು ಸೊಂಡಿಲಿನ ಹೊಳ್ಳೆಗೆ ಬಿಟ್ಟು, ಸೊಂಡಿಲು ಎತ್ತಿಸಿ, ಅರ್ಧ ನಿಮಿಷ ಹಾಗೇ ಹಿಡಿಸಿ. ಆಮೇಲೆ ಸ್ವಚ್ಛವಾದ ಪ್ಲಾಸ್ಟಿಕ್ ಚೀಲ ತುದಿಗೆ ಕಟ್ಟಿ ಊದಿಸಿ. ಆನೆ ಮೊದಮೊದಲು ಆ ನೀರನ್ನು ನಿಮ್ಮ ಮೇಲೇ ಊದುತ್ತದೆ, ಕುಡಿದೂ ಬಿಡುತ್ತದೆ. ಬೆಲ್ಲ ತೋರಿಸಿ ಮೊದಲೇ ರೂಢಿ ಮಾಡಿಸಬೇಕು. ಎದುರಿಗೆ ನಿಲ್ಲಬೇಡಿ, ಎನ್95 ಮಾಸ್ಕ್ ಹಾಕಿಕೊಳ್ಳಿ. ಒಂದು ವಾರದೊಳಗೆ ಬೇರೆ ಬೇರೆ ದಿನ ಮೂರು ಸಲ ತೆಗೆಯಿರಿ, ಯಾಕಂದ್ರೆ ರೋಗಾಣು ದಿನವೂ ಹೊರಗೆ ಬರುವುದಿಲ್ಲ. ಕಲ್ಚರ್ (ಲ್ಯಾಬ್‌ನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಫಲಿತಾಂಶಕ್ಕೆ ಎಂಟು ವಾರ ಹಿಡಿಯಬಹುದು.

ಗೊಂದಲ ಆಗುವುದು ರಕ್ತ 'ಹೌದು' ಅಂದು, ಸೊಂಡಿಲು 'ಇಲ್ಲ' ಅಂದಾಗ. ಜಾಸ್ತಿ ಜನ ಇಲ್ಲಿ ರಕ್ತದ ಫಲಿತಾಂಶವನ್ನು ತಳ್ಳಿಹಾಕುತ್ತಾರೆ. ನನ್ನ ಪ್ರಕಾರ ಅದು ಸರಿಯಲ್ಲ. ಕಲ್ಚರ್‌ನಲ್ಲಿ ರೋಗಾಣು ಸಿಗುವುದಕ್ಕೆ ವರ್ಷಗಳ ಮೊದಲೇ ಪ್ರತಿಕಾಯ ಕಾಣಿಸಿಕೊಂಡ ಆನೆಗಳಿವೆ. ಹಾಗಂತ ಅದೊಂದನ್ನೇ ನಂಬಿ ಮಾತ್ರೆ ಶುರು ಮಾಡಬೇಡಿ, ಮಣ್ಣಿನಲ್ಲಿರುವ ಕ್ಷಯದ ದಾಯಾದಿ ಬ್ಯಾಕ್ಟೀರಿಯಾಗಳಿಂದಲೂ ಕೆಲವೊಮ್ಮೆ ಗೆರೆ ಬರುತ್ತದೆ, ಚಿಕಿತ್ಸೆಯೋ ವರ್ಷದ ಹತ್ತಿರ ಎಳೆಯುತ್ತದೆ. ಆ ಆನೆಯನ್ನು ಬೇರೆ ಕಟ್ಟಿ, ಪ್ರವಾಸಿಗರನ್ನು ದೂರ ಇಡಿ, ಕೆಲವು ತಿಂಗಳಿಗೊಮ್ಮೆ ಎರಡೂ ಪರೀಕ್ಷೆ ಮತ್ತೆ ಮಾಡಿ. ಪ್ರತಿ ಸಲದ ಸೀರಮ್‌ನಲ್ಲಿ ಸ್ವಲ್ಪ ಎತ್ತಿಟ್ಟು, ಆನೆಯ ಹೆಸರು, ತಾರೀಕು ಬರೆದು ಡೀಪ್ ಫ್ರೀಜರ್‌ನಲ್ಲಿಡಿ. ಹಳೆಯದನ್ನೂ ಹೊಸದನ್ನೂ ಒಂದೇ ದಿನ, ಒಂದೇ ಕಿಟ್‌ನಲ್ಲಿ ಹಾಕಿ ನೋಡಿದರೆ ಪ್ರತಿಕಾಯ ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ತಿಳಿಯುತ್ತದೆ.