ಫ್ರೆಂಚ್ ಕಲಿಯುವಾಗ ನನ್ನ ಕೈಹಿಡಿದ ಕನ್ನಡ ವ್ಯಾಕರಣ

ತುಮಕೂರು ಜಿಲ್ಲೆಯ ಪ್ರೌಢಶಾಲೆಗಳಲ್ಲಿ 31 ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದ ನಾನು, 62ನೆಯ ವಯಸ್ಸಿನಲ್ಲಿ ಫ್ರೆಂಚ್ ಕಲಿಯಲು ಕುಳಿತದ್ದು ಮೊಮ್ಮಗಳಿಗಾಗಿ. ಮಗಳ ಸಂಸಾರ ಕೆನಡಾದ ಮಾಂಟ್ರಿಯಲ್ ನಗರದಲ್ಲಿದೆ. ಆ ನಗರವಿರುವ ಕ್ವಿಬೆಕ್ ಪ್ರಾಂತ್ಯದಲ್ಲಿ, 1977ರ ಭಾಷಾ ಕಾಯ್ದೆಯಂತೆ, ವಲಸೆ ಬಂದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಮಾಧ್ಯಮದ ಶಾಲೆಗೇ ಹೋಗಬೇಕು. ಮಗು ಶಾಲೆಗೆ ಸೇರಿದ ವರ್ಷದೊಳಗೆ, ಭಾನುವಾರದ ವಿಡಿಯೊ ಕರೆಯಲ್ಲಿ ಅವಳ ಕನ್ನಡದ ನಡುವೆ ನನಗೆ ತಿಳಿಯದ ಪದಗಳು ಹೆಚ್ಚುತ್ತ ಹೋದವು. ಅವಳು ಅಷ್ಟು ಆಸೆಯಿಂದ ಹೇಳುವ ಶಾಲೆಯ ಸುದ್ದಿ ಅರ್ಧಕ್ಕರ್ಧ ಅರ್ಥವಾಗದೆ ಹೋಗುವುದನ್ನು ಸಹಿಸಿಕೊಂಡು ಕೂರಲು ನನ್ನಿಂದಾಗಲಿಲ್ಲ.

ಮೊದಲು ಸೇರಿದ್ದು ಒಂದು ಆನ್‌ಲೈನ್ ತರಗತಿಗೆ. ಅಲ್ಲಿ ಎಲ್ಲವನ್ನೂ ಇಂಗ್ಲಿಷಿನ ಮೂಲಕವೇ ವಿವರಿಸುತ್ತಿದ್ದರು. ‘ನನಗೆ ಹಸಿವಾಗಿದೆ’ ಎನ್ನುವುದನ್ನು ನಾನು ಇಂಗ್ಲಿಷಿನ ಜಾಡಿನಲ್ಲಿ ‘ಇರು’ ಧಾತುವಿನಿಂದ ಕಟ್ಟಿ ‘ಜ ಸ್ವಿ ಫ್ಯಾಂ’ ಎಂದೆ, ತಪ್ಪು ಎಂದರು. ಮರುವಾರವೂ ಅದೇ ತಪ್ಪು, ಅದೇ ತಿದ್ದುಪಡಿ. ಏಕೆ ತಪ್ಪು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಮೂರು ತಿಂಗಳಿಗೆ ಆ ತರಗತಿಯನ್ನು ಬಿಟ್ಟೆ.

ಒಂದು ಸಂಜೆ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತ, ತಿದ್ದಿಸಿಕೊಂಡ ವಾಕ್ಯಗಳನ್ನು ಒಂದರ ಹಿಂದೊಂದು ಹೇಳಿಕೊಳ್ಳುತ್ತಿದ್ದೆ. ‘ಜೆ ಫ್ಯಾಂ’ ಎಂದರೆ ನನಗೆ ಹಸಿವು. ‘ಜೆ ಸ್ವಾಫ್’ ಎಂದರೆ ನನಗೆ ಬಾಯಾರಿಕೆ. ‘ಜೆ ಫ್ರ್ವಾ’ ಎಂದರೆ ನನಗೆ ಚಳಿ. ವಯಸ್ಸು ಹೇಳುವಾಗಲೂ ‘ಜೆ’ ಎಂದೇ ಆರಂಭ. ನಾವೂ ‘ನನಗೆ 62 ವರ್ಷ’ ಎಂದೇ ಹೇಳುತ್ತೇವೆ. ಈ ‘ಜೆ’ ಬರುವುದು ‘ಅವ್ವಾರ್’ ಎಂಬ, ಹೊಂದಿರು ಎಂಬ ಅರ್ಥದ ಧಾತುವಿನಿಂದ. ನಾವು ಚತುರ್ಥಿ ವಿಭಕ್ತಿ ಹಚ್ಚಿ ‘ನನಗೆ’ ಎನ್ನುವ ಈ ಎಲ್ಲ ಕಡೆಗಳಲ್ಲಿ ಫ್ರೆಂಚರು ‘ಅವ್ವಾರ್’ ಬಳಸುತ್ತಾರೆ ಎಂದು ಹೊಳೆದಾಗ, ಅಕ್ಕಿಯನ್ನು ಹಾಗೆಯೇ ಬಿಟ್ಟು ಬಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಈ ಸೂತ್ರ ಎಲ್ಲೆಡೆ ನಡೆಯುವುದಿಲ್ಲ. ‘ನನಗೆ ದಣಿವಾಗಿದೆ’ ಎನ್ನಲು ಅವರು ಗುಣವಾಚಕದೊಡನೆ ‘ಇರು’ ಧಾತುವನ್ನೇ ತರುತ್ತಾರೆ. ಆದರೂ ದಿನಬಳಕೆಯ ಹತ್ತಾರು ವಾಕ್ಯಗಳಲ್ಲಿ ಅದು ನನ್ನನ್ನು ಕಾಪಾಡಿದೆ.

ಆಮೇಲೆ ನಾನು ಫ್ರೆಂಚನ್ನು ಕನ್ನಡದ ಮೂಲಕವೇ ನೋಡತೊಡಗಿದೆ. ‘ತ್ಯು’ ಮತ್ತು ‘ವು’ ಎಂಬ ಎರಡು ಸರ್ವನಾಮಗಳು ನಮ್ಮ ‘ನೀನು’, ‘ನೀವು’ಗಳೇ, ಬಹುವಚನವೇ ಗೌರವಸೂಚಕವೂ ಆಗುವುದು ಇಲ್ಲಿಯಂತೆಯೇ. ಅವರ ತಕಾರ ದಕಾರಗಳು ನಮ್ಮ ತ, ದಗಳ ಹಾಗೆ ನಾಲಿಗೆ ಹಲ್ಲಿಗೆ ತಾಗಿ ಹುಟ್ಟುವ ದಂತ್ಯಗಳು. ಆದ್ದರಿಂದ ಮೇಜಿಗೆ ‘ತಾಬ್ಲ್’ ಎನ್ನಬೇಕು, ಟಕಾರ ಸಲ್ಲದು. ಕ್ವಿಬೆಕ್‌ನವರು ‘ತ್ಯು’ವನ್ನು ‘ತ್ಸ್ಯು’ ಎಂದು ಉಚ್ಚರಿಸುತ್ತಾರೆ, ನನ್ನ ಮೊಮ್ಮಗಳೂ ಹಾಗೆಯೇ.

ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಸಂಧಿ. ‘ಲ’ ಎಂಬ ನಿರ್ದೇಶಕ ಪದಕ್ಕೆ ಗೆಳೆಯ ಎಂಬರ್ಥದ ‘ಅಮಿ’ ಪರವಾದರೆ, ಮೊದಲಿನ ಸ್ವರ ಬಿದ್ದುಹೋಗಿ ‘ಲಮಿ’ ಆಗುತ್ತದೆ. ‘ಮಾತು’ ಮತ್ತು ‘ಇಲ್ಲ’ ಸೇರಿ ‘ಮಾತಿಲ್ಲ’ ಆಗುವುದನ್ನು ಮೂರು ದಶಕ ಕರಿಹಲಗೆಯ ಮೇಲೆ ಬರೆದವಳಿಗೆ ಲೋಪಸಂಧಿಯನ್ನು ಹೊಸದಾಗಿ ಕಲಿಸಬೇಕೆ? ಇನ್ನು ‘ಆ’ ಎಂಬ ಕ್ರಿಯಾಪದದ ಮುಂದೆ ಪ್ರಶ್ನೆಯಲ್ಲಿ ‘ಇಲ್’ ಬಂದರೆ, ನಡುವೆ ತಕಾರವೊಂದು ಹೊಸದಾಗಿ ಬಂದು ‘ಆತಿಲ್’ ಆಗುತ್ತದೆ. ‘ಮನೆಯಲ್ಲಿ’ ಎಂಬಲ್ಲಿ ನಮಗೆ ಯಕಾರ ಬರುವ ಹಾಗೆ ಅವರಿಗೆ ತಕಾರದ ಆಗಮ. ಬಹುವಚನದ ‘ಲೆಜಮಿ’ಯಲ್ಲಿ ಕೇಳುವ ಜಕಾರ ಮಾತ್ರ ಆಗಮವಲ್ಲ. ಅದು ಬರಹದಲ್ಲಿ ಮೊದಲೇ ಇದ್ದು, ಬೇರೆಡೆ ಮೌನವಾಗಿರುವ ಅಕ್ಷರ, ಸ್ವರ ಎದುರಾದಾಗ ಬಾಯಿ ಬಿಡುತ್ತದೆ. ಪದದ ಕೊನೆಯ ಅಕ್ಷರ ಮೌನವಾಗುವುದು ನಮಗೆ ಹೊಸತೇನಲ್ಲ. ಬಸ್ ‘ಡಿಪೋ’ ಫ್ರೆಂಚಿನಿಂದ ಬಂದ ಪದ, ಅದರ ಕೊನೆಯಲ್ಲಿ ಬರೆಯುವ ತಕಾರವನ್ನು ಯಾರೂ ಉಚ್ಚರಿಸುವುದಿಲ್ಲ.

ಈ ಮೌನದಿಂದಲೇ ಒಂದು ತೊಡಕೂ ಉಂಟು. ಕನ್ನಡದಲ್ಲಿ ‘ಹೋಗುತ್ತೇನೆ’ ಎಂದರೆ ಸಾಕು, ‘ನಾನು’ ಬೇಕಿಲ್ಲ, ಪ್ರತ್ಯಯವೇ ಕರ್ತೃವನ್ನು ಹೇಳುತ್ತದೆ. ಫ್ರೆಂಚಿನಲ್ಲಿಯೂ ಪ್ರತ್ಯಯಗಳಿವೆ, ಆದರೆ ಮಾತನಾಡು ಎಂಬರ್ಥದ ಧಾತುವಿನ ವರ್ತಮಾನದ ಆರು ರೂಪಗಳಲ್ಲಿ ನಾಲ್ಕು ಕಿವಿಗೆ ‘ಪಾರ್ಲ್’ ಎಂದೇ ಕೇಳುತ್ತವೆ. ಆದ್ದರಿಂದ ಸರ್ವನಾಮವನ್ನು ಬಿಡುವಂತಿಲ್ಲ. ನಾನು ಎಷ್ಟೋ ದಿನ ಅದನ್ನು ನುಂಗಿಬಿಡುತ್ತಿದ್ದೆ.

ಕನ್ನಡ ನೆರವಿಗೆ ಬಾರದೆ ಹೋದದ್ದು ಲಿಂಗದ ವಿಷಯದಲ್ಲಿ. ನಮ್ಮ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಬಾಗಿಲು ಎಂದೆಂದಿಗೂ ನಪುಂಸಕ. ಫ್ರೆಂಚಿನಲ್ಲಿ ನಪುಂಸಕಲಿಂಗದ ನಾಮಪದಗಳಿಲ್ಲ. ಬಾಗಿಲು, ಕಿಟಕಿ, ಕುರ್ಚಿ, ಬೀಗದ ಕೈ ಸ್ತ್ರೀಲಿಂಗ, ಗೋಡೆ, ಹಾಸಿಗೆ, ಚಾಕು, ಅನ್ನ ಪುಲ್ಲಿಂಗ. ಪದದ ಕೊನೆ ನೋಡಿ ಸ್ವಲ್ಪ ಊಹಿಸಬಹುದು. ಚಾಕುವಿನ ‘ಕುತೋ’ದಂತೆ ಬರಹದಲ್ಲಿ ಆ ಬಗೆಯ ಓಕಾರದಿಂದ ಮುಗಿಯುವವು ಹೆಚ್ಚಾಗಿ ಪುಲ್ಲಿಂಗ, ಆದರೆ ಅದೇ ಕಾಗುಣಿತದ ‘ಓ’, ಅಂದರೆ ನೀರು, ಸ್ತ್ರೀಲಿಂಗ. ಹೀಗಾಗಿ ಕಂಠಪಾಠವೇ ಗತಿ. ಹಳೆಯ ಮದುವೆಯ ಕರೆಯೋಲೆಗಳ ಹಿಂಬದಿಯನ್ನು ಚೀಟಿಗಳಾಗಿ ಕತ್ತರಿಸಿ, ಪುಲ್ಲಿಂಗಕ್ಕೆ ನೀಲಿ ಶಾಯಿ, ಸ್ತ್ರೀಲಿಂಗಕ್ಕೆ ಕೆಂಪು ಶಾಯಿಯಲ್ಲಿ ಬರೆದು ಮನೆಯ ಸಾಮಾನುಗಳಿಗೆಲ್ಲ ಅಂಟಿಸಿದೆ. ನಿರ್ದೇಶಕ ಪದವಿಲ್ಲದೆ ಯಾವ ನಾಮಪದವನ್ನೂ ಬರೆಯಲಿಲ್ಲ. ಉಪ್ಪಿನ ಡಬ್ಬಿಯ ಮೇಲೆ ‘ಲ ಸೆಲ್’ ನೀಲಿ, ಹಿಟ್ಟಿನ ಡಬ್ಬಿಯ ಮೇಲೆ ‘ಲಾ ಫರೀನ್’ ಕೆಂಪು. ಈಗ ಪದ ನೆನಪಾಗುವ ಮೊದಲೇ ಅದರ ಬಣ್ಣ ಕಣ್ಣಿಗೆ ಬರುತ್ತದೆ.

ಸಂಖ್ಯೆಗಳನ್ನು ಬೆಳಗ್ಗೆ ಅಮಾನಿಕೆರೆಯ ಕಡೆ ನಡೆದು ಹೋಗುವಾಗ ಕಲಿತೆ. 70 ಎನ್ನಲು ಅವರು ಅರವತ್ತು-ಹತ್ತು ಎನ್ನುತ್ತಾರೆ, 80 ಎನ್ನಲು ನಾಲ್ಕು ಇಪ್ಪತ್ತು, 97 ಎನ್ನಲು ನಾಲ್ಕು ಇಪ್ಪತ್ತು ಹದಿನೇಳು. ದಾರಿಯಲ್ಲಿ ಸಿಗುವ ‘ಕೆಎ 06’ ಸ್ಕೂಟರುಗಳ ಕೊನೆಯ ಎರಡು ಅಂಕಿಗಳನ್ನು ಗಾಡಿ ಮರೆಯಾಗುವ ಮೊದಲು ಫ್ರೆಂಚಿನಲ್ಲಿ ಹೇಳಿ ಮುಗಿಸುವುದು ನನ್ನ ನಿಯಮವಾಗಿತ್ತು.

ಓದುವುದು ಬೇಗ ಬಂದಿತು, ಕಿವಿ ಬಹಳ ಹಿಂದುಳಿಯಿತು. ಡೆಲ್ಫ್ ಎ1 ಎಂಬ ಆರಂಭಿಕ ಪರೀಕ್ಷೆಯಲ್ಲಿ ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು ಪ್ರತಿಯೊಂದಕ್ಕೂ 25 ಅಂಕಗಳು, ಯಾವುದರಲ್ಲಿಯೂ 5ಕ್ಕಿಂತ ಕಡಿಮೆ ಬರಬಾರದು. ನಾನು ಆ ಪರೀಕ್ಷೆ ಬರೆಯಲಿಲ್ಲ, ಆದರೆ ಆ ಹಂಚಿಕೆ ನ್ಯಾಯವಾದದ್ದೆಂದು ಕಂಡು, ದಿನದ ಒಂದು ಗಂಟೆಯಲ್ಲಿ ಕಾಲು ಗಂಟೆಯನ್ನು ಆಲಿಸುವುದಕ್ಕೇ ಮೀಸಲಿಟ್ಟೆ.

ಹೋದ ಯುಗಾದಿಯಂದು ಕರೆ ಬಂದಾಗ ಒಲೆಯ ಮೇಲೆ ಹೋಳಿಗೆ ಬೇಯುತ್ತಿತ್ತು. ನೋಡಿದವಳೇ ಮೊಮ್ಮಗಳು, “ಅಜ್ಜಿ, ನಂಗೂ ಲಾ ಹೋಳಿಗೆ ಬೇಕು” ಎಂದಳು. ಅಲ್ಲಿಯ ‘ಕ್ರೆಪ್’ ಎಂಬ ತೆಳುದೋಸೆ ಸ್ತ್ರೀಲಿಂಗವಾದ್ದರಿಂದ ಹಾಗೆಂದಳೋ, ಅಥವಾ ಅವಳ ಕಿವಿಗೆ ಹಾಗೆಯೇ ಸರಿ ಎನಿಸಿತೋ. ಕರೆ ಮುಗಿದ ಮೇಲೆ ಒಂದು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಅದನ್ನು ಬರೆದು ಹೋಳಿಗೆಯ ಡಬ್ಬಿಗೆ ಅಂಟಿಸಿದೆ.